ಪಾಡ್‌ಕಾಸ್ಟ್ ಪೈಪೋಟಿಯ ಬಗ್ಗೆ ಸ್ಪರ್ಧಾ ಆಯೋಗಕ್ಕೊಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಭಾರತೀಯ ಸ್ಪರ್ಧಾ ಆಯೋಗ,
ಕಿದ್ವಾಯಿ ನಗರ ಪೂರ್ವ, ನವದೆಹಲಿ.

ವಿಷಯ: ಪಾಡ್‌ಕಾಸ್ಟ್ ವಿತರಣೆಯಲ್ಲಿ ದೊಡ್ಡ ಸ್ಟ್ರೀಮಿಂಗ್ ಕಂಪನಿಗಳ ಹಿಡಿತದ ಬಗ್ಗೆ ಮಾರುಕಟ್ಟೆ ಅಧ್ಯಯನ ನಡೆಸುವಂತೆ ಮನವಿ.

ಮಾನ್ಯರೇ,

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯಲ್ಲಿ ನಾವು ಕೆಲವು ಗೆಳೆಯರು ಸೇರಿ ಒಂದು ಸಣ್ಣ ಕನ್ನಡ ಪಾಡ್‌ಕಾಸ್ಟ್, ಅಂದರೆ ಇಂಟರ್‌ನೆಟ್‌ನಲ್ಲಿ ಬೇಕಾದಾಗ ಕೇಳಬಹುದಾದ ಧ್ವನಿ ಕಾರ್ಯಕ್ರಮ, ನಡೆಸುತ್ತೇವೆ. ಅಡಿಕೆ ತೋಟದ ಕಷ್ಟಸುಖ, ಕೊಳೆರೋಗ, ಮದುವೆ ಮನೆಯ ಹಾಡು, ಶರಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನೆನಪು, ಇಂಥ ಮಾತುಗಳನ್ನು ರೆಕಾರ್ಡ್ ಮಾಡಿ ಹಾಕುತ್ತೇವೆ. ಇದರಿಂದ ನಮಗೆ ಆದಾಯ ಇಲ್ಲ. ಆದರೆ ಕೇಳುಗರು ಇದ್ದಾರೆ. ಊರಲ್ಲೇ ಇರುವವರು, ಬೆಂಗಳೂರಿಗೆ ಹೋದವರು, ದೇಶ ಬಿಟ್ಟು ಹೋದವರು. ಅವರನ್ನು ತಲುಪುವ ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ತಮ್ಮ ಗಮನ ಅದರ ಕಡೆ ಸೆಳೆಯಲು ಈ ಪತ್ರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಸ್ಪರ್ಧಾ ಕಾಯ್ದೆ 2002ರ 19ನೇ ಸೆಕ್ಷನ್ ಅಡಿಯ ದೂರು ಅಲ್ಲ. ಒಂದು ಕಂಪನಿಯ ಕಡೆ ಬೆರಳು ತೋರಿಸಿ ದಂಡ ಹಾಕಿ ಎಂದು ನಾನು ಕೇಳುತ್ತಿಲ್ಲ. ಹಾಗಾಗಿ ನಮಗೆ ತೊಂದರೆಯಾದ ವೇದಿಕೆಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಕೇಳುತ್ತಿರುವುದು ಒಂದು ಅಧ್ಯಯನ. ಈ ಪೈಪೋಟಿಯಲ್ಲಿ ಯಾರೋ ಒಬ್ಬರು ಗೆದ್ದು ಎಲ್ಲ ಮುಗಿಯುವ ಮೊದಲೇ ಅದು ಆಗಬೇಕು.

ಪಾಡ್‌ಕಾಸ್ಟ್ ಹುಟ್ಟಿದ್ದು ಯಾವ ಕಂಪನಿಯ ಸ್ವತ್ತಾಗಿಯೂ ಅಲ್ಲ. ಅದರ ಬೆನ್ನೆಲುಬು ಆರ್‌ಎಸ್‌ಎಸ್ (ರಿಯಲಿ ಸಿಂಪಲ್ ಸಿಂಡಿಕೇಷನ್) ಎಂಬ ತಂತ್ರಜ್ಞಾನದ ಫೀಡ್. ನಾವು ಆಡಿಯೊ ಫೈಲನ್ನು ನಮಗೆ ಬೇಕಾದ ಸರ್ವರ್‌ನಲ್ಲಿ ಇಡುತ್ತೇವೆ. ಕಾರ್ಯಕ್ರಮದ ಹೆಸರು, ಕಂತುಗಳ ಪಟ್ಟಿ, ಫೈಲಿನ ವಿಳಾಸ ಎಲ್ಲ ಇರುವ ಒಂದು ಪುಟ್ಟ ಕಡತ ಅದರ ಜೊತೆ ಇರುತ್ತದೆ. ಅದೇ ಫೀಡ್. ಜಗತ್ತಿನ ಯಾವ ಆ್ಯಪ್ ಬೇಕಾದರೂ ಅದನ್ನು ಓದಿ ಕೇಳುಗರಿಗೆ ತಲುಪಿಸಬಹುದು. ಯಾರ ಅನುಮತಿಯೂ ಬೇಡ. ಫೈಲ್ ಇಡಲು ಸರ್ವರ್‌ನಲ್ಲಿ ಜಾಗ ಕೊಡುವ ಒಂದು ಹೋಸ್ಟಿಂಗ್ ಕಂಪನಿ ಸರಿಬರಲಿಲ್ಲ ಎಂದರೆ ಇನ್ನೊಂದಕ್ಕೆ ಹೋಗಿ, ಹಳೆಯ ಫೀಡನ್ನು ಹೊಸದರ ಕಡೆ ತಿರುಗಿಸಿದರೆ ಸಾಕು. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟ ಹಾಗೆ. ಕೇಳುಗರಿಗೆ ಬದಲಾವಣೆ ಗೊತ್ತೂ ಆಗುವುದಿಲ್ಲ.

ಆ್ಯಪಲ್ 2005ರಲ್ಲಿ ಐಟ್ಯೂನ್ಸ್ ಎಂಬ ತನ್ನ ಹಾಡಿನ ತಂತ್ರಾಂಶದ ಒಳಗೆ ಪಾಡ್‌ಕಾಸ್ಟ್ ಸೇರಿಸಿದಾಗಲೂ ಈ ವ್ಯವಸ್ಥೆ ಕೆಡಲಿಲ್ಲ. ಅವರು ಮಾಡಿದ್ದು ಒಂದು ಪಟ್ಟಿ. ಆಡಿಯೊ ಬರುತ್ತಿದ್ದುದು ಮಾಡಿದವರ ಸರ್ವರ್‌ನಿಂದಲೇ. ಆ ಪಟ್ಟಿಯನ್ನು ಬೇರೆ ಆ್ಯಪ್‌ಗಳೂ ಬಳಸಿಕೊಂಡವು. ಸುಮಾರು ಹದಿನಾಲ್ಕು ವರ್ಷ ಹೀಗೇ ನಡೆಯಿತು. ಸಾಗರದಲ್ಲಿ ಕೂತ ನಮ್ಮಂಥವರ ಕಾರ್ಯಕ್ರಮವೂ ದೊಡ್ಡ ರೇಡಿಯೊ ಸಂಸ್ಥೆಯ ಕಾರ್ಯಕ್ರಮವೂ ಒಂದೇ ಪಟ್ಟಿಯಲ್ಲಿ ಸಿಗುತ್ತಿದ್ದವು.

ಚಿತ್ರ ಬದಲಾಗಿದ್ದು 2019ರಲ್ಲಿ. ಆ ಫೆಬ್ರವರಿಯಲ್ಲೇ ಹಾಡು ಕೇಳಿಸುವ ಸ್ಟ್ರೀಮಿಂಗ್ ಕಂಪನಿ ಸ್ಪಾಟಿಫೈ ಭಾರತಕ್ಕೆ ಬಂತು. ಅದೇ ತಿಂಗಳು ಅದು ಗಿಮ್ಲೆಟ್ ಎಂಬ ಪಾಡ್‌ಕಾಸ್ಟ್ ಸ್ಟುಡಿಯೊವನ್ನೂ, ಆ್ಯಂಕರ್ ಎಂಬ ಉಚಿತ ಹೋಸ್ಟಿಂಗ್ ಸೇವೆಯನ್ನೂ ಕೊಂಡುಕೊಳ್ಳುವುದಾಗಿ ಘೋಷಿಸಿತು. ಮರುವರ್ಷ ಜಾಹೀರಾತು ಮತ್ತು ಹೋಸ್ಟಿಂಗ್ ಕಂಪನಿ ಮೆಗಾಫೋನ್ ಅನ್ನು 23.5 ಕೋಟಿ ಡಾಲರ್‌ಗೆ ಖರೀದಿಸಿತು. 2020ರಲ್ಲೇ ಅಮೆರಿಕದ ಜೋ ರೋಗನ್ ಅವರ ಕಾರ್ಯಕ್ರಮ ತನ್ನಲ್ಲಿ ಮಾತ್ರ ಸಿಗುವಂತೆ ಒಪ್ಪಂದ ಮಾಡಿಕೊಂಡಿತು. ಅಮೆಜಾನ್ ಹಿಂದೆ ಬೀಳಲಿಲ್ಲ. ಅದೇ ವರ್ಷ ತನ್ನ ಮ್ಯೂಸಿಕ್ ಆ್ಯಪ್‌ಗೆ ಪಾಡ್‌ಕಾಸ್ಟ್ ಸೇರಿಸಿತು, ವಂಡರಿ ಸ್ಟುಡಿಯೊ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಕಾರ್ಯಕ್ರಮ ಮಾಡುವುದು, ಅದನ್ನು ಇಡುವ ಜಾಗ, ಅದರ ಜಾಹೀರಾತು, ಅದನ್ನು ಕೇಳಿಸುವ ಆ್ಯಪ್, ನಾಲ್ಕೂ ಒಂದೇ ಕೈಗೆ ಬರತೊಡಗಿದವು.

ದುಡ್ಡು ಸುರಿದು ಕಟ್ಟಿದ ಆ ಬೇಲಿ ಬಹಳ ಕಾಲ ನಿಲ್ಲಲಿಲ್ಲ ನಿಜ. 2023ರಲ್ಲಿ ಸ್ಪಾಟಿಫೈ ಜೂನ್‌ನಲ್ಲಿ ಪಾಡ್‌ಕಾಸ್ಟ್ ವಿಭಾಗದ ಸುಮಾರು 200 ಜನರನ್ನು ತೆಗೆಯಿತು. ಡಿಸೆಂಬರ್‌ನಲ್ಲಿ ಇಡೀ ಕಂಪನಿಯಲ್ಲಿ ಶೇ 17ರಷ್ಟು ಸಿಬ್ಬಂದಿಯನ್ನು ಕಡಿತ ಮಾಡಿತು. ಗಿಮ್ಲೆಟ್ ಹೆಸರಿಗೂ ಉಳಿಯಲಿಲ್ಲ. ಆ ವರ್ಷವೇ ಅಮೆರಿಕದ ಪತ್ರಿಕೋದ್ಯಮದ ಪುಲಿಟ್ಜರ್ ಬಹುಮಾನ ಗೆದ್ದಿದ್ದ ಒಂದು ಕಾರ್ಯಕ್ರಮವನ್ನೂ ಅದು ಕೈಬಿಟ್ಟಿತು. 2024ರ ಫೆಬ್ರವರಿಯಲ್ಲಿ ರೋಗನ್ ಜೊತೆ ಹೊಸ ಒಪ್ಪಂದ ಆದಾಗ, ಕಾರ್ಯಕ್ರಮ ಮತ್ತೆ ಯೂಟ್ಯೂಬ್, ಆ್ಯಪಲ್ ಎಲ್ಲ ಕಡೆ ಹೋಗಬಹುದು ಎಂದಾಯಿತು. ಅಮೆಜಾನ್ ಕೂಡ 2025ರಲ್ಲಿ ವಂಡರಿಯನ್ನು ಒಡೆದು ಬೇರೆ ಬೇರೆ ವಿಭಾಗಗಳಿಗೆ ಹಂಚಿತು.

ಇದನ್ನು ನೋಡಿ, ಮಾರುಕಟ್ಟೆ ತಾನೇ ತಿದ್ದಿಕೊಂಡಿತು, ಆಯೋಗಕ್ಕೆ ಇಲ್ಲಿ ಏನು ಕೆಲಸ ಎಂದು ಕೆಲವರು ಹೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಕಾರ್ಯಕ್ರಮವನ್ನು ದುಡ್ಡು ಕೊಟ್ಟು ಕಟ್ಟಿಹಾಕುವುದು ದುಬಾರಿ, ಅದಕ್ಕೇ ಸೋತಿತು. ಈಗ ನಡೆಯುತ್ತಿರುವುದು ಬೇರೆ. ಪಾಡ್‌ಕಾಸ್ಟ್‌ನ ರೂಪವನ್ನೇ ಬದಲಿಸಿ, ಫೀಡ್ ಇಲ್ಲದೆಯೇ ಅದು ನಡೆಯುವಂತೆ ಮಾಡುವುದು. ಇದಕ್ಕೆ ಯಾರಿಗೂ ಕೋಟಿಗಟ್ಟಲೆ ಕೊಡಬೇಕಿಲ್ಲ. ಎಲ್ಲರೂ ತಾವಾಗಿಯೇ ಒಳಗೆ ಬರುತ್ತಾರೆ. ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಹುಡುಕುವ ಹೊತ್ತಿಗೆ ತಡವಾಗಿರುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಪಾಟಿಫೈನ ಉಚಿತ ಹೋಸ್ಟಿಂಗ್‌ನಲ್ಲಿ ಹೊಸ ಕಾರ್ಯಕ್ರಮ ಶುರು ಮಾಡಿದರೆ ಅದು ಮೊದಲು ಸ್ಪಾಟಿಫೈಗೆ ಮಾತ್ರ ಹೋಗುತ್ತದೆ. ಬೇರೆ ಆ್ಯಪ್‌ಗಳಿಗೆ ಹೋಗಲು ಆರ್‌ಎಸ್‌ಎಸ್ ಆಯ್ಕೆಯನ್ನು ನಾವೇ ಹುಡುಕಿ ಆನ್ ಮಾಡಬೇಕು. ಫೀಡ್ ಎಂದರೇನು ಎಂದೇ ತಿಳಿಯದ ಹೊಸಬರು ಅದನ್ನು ಯಾಕೆ ಹುಡುಕುತ್ತಾರೆ? ಇನ್ನು ಬೇರೆ ಕಡೆ ಹೋಸ್ಟ್ ಮಾಡಿ, ಸ್ಪಾಟಿಫೈಗೆ ಮಾತ್ರ ವಿಡಿಯೊ ಹಾಕಿದರೆ, ಅಲ್ಲಿ ಆ ವಿಡಿಯೊ ನಮ್ಮ ಫೀಡಿನ ಆಡಿಯೊದ ಜಾಗವನ್ನು ತೆಗೆದುಕೊಳ್ಳುತ್ತದೆ. ಅಲ್ಲಿ ಕೇಳಿದವರ ಲೆಕ್ಕ ನಮ್ಮ ಹೋಸ್ಟಿಂಗ್‌ಗೆ ಬರುವುದಿಲ್ಲ. ನಮ್ಮ ಫೀಡಿನಲ್ಲಿ ಜೋಡಿಸಿದ ಜಾಹೀರಾತು ಅಲ್ಲಿ ಓಡುವುದಿಲ್ಲ. 2025ರ ಜನವರಿಯಲ್ಲಿ ಸ್ಪಾಟಿಫೈ ವಿಡಿಯೊ ಮಾಡುವವರಿಗೆ ಹಣ ಕೊಡುವ ಯೋಜನೆ ತಂದಿತು. ಮೊದಲು ತೆರೆದದ್ದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ. ದುಡ್ಡು ಯಾವ ಕಡೆ ಹರಿಯುತ್ತದೋ ಕಾರ್ಯಕ್ರಮಗಳೂ ಆ ಕಡೆ ಹೋಗುತ್ತವೆ.

ಯೂಟ್ಯೂಬ್‌ನ ಕಥೆ ಇನ್ನೂ ದೊಡ್ಡದು. ತಿಂಗಳಿಗೆ ನೂರು ಕೋಟಿ ಜನ ತನ್ನಲ್ಲಿ ಪಾಡ್‌ಕಾಸ್ಟ್ ಬಳಸುತ್ತಾರೆ ಎಂದು ಅದು 2025ರ ಫೆಬ್ರವರಿಯಲ್ಲಿ ಹೇಳಿಕೊಂಡಿತು. ಅಲ್ಲಿ ಪಾಡ್‌ಕಾಸ್ಟ್ ಎಂದರೆ ಒಂದು ಪ್ಲೇಲಿಸ್ಟ್. ನಮ್ಮ ಫೀಡನ್ನು ಅದು ಒಳಗೆ ಎಳೆದುಕೊಳ್ಳುತ್ತದೆ, ಆಡಿಯೊದ ಒಂದು ಪ್ರತಿ ಮಾಡಿ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಅಲ್ಲೇ ಹುಟ್ಟಿದ ಪಾಡ್‌ಕಾಸ್ಟ್‌ಗೆ ಬೇರೆ ಆ್ಯಪ್‌ನಲ್ಲಿ ಕೇಳುವಂಥ ಫೀಡ್ ಹೊರಗೆ ಬರುವುದಿಲ್ಲ. ದಾರಿ ಒಳಕ್ಕೆ ಇದೆ, ಹೊರಕ್ಕೆ ಇಲ್ಲ. 2025ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕೂಡ ಸ್ಪಾಟಿಫೈನ ಕೆಲವು ವಿಡಿಯೊ ಪಾಡ್‌ಕಾಸ್ಟ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. ಟಿವಿ ಪರದೆಯ ಮೇಲಿನ ಹಳೆಯ ಜಗಳಕ್ಕೆ ಈಗ ಪಾಡ್‌ಕಾಸ್ಟ್ ಹೊಸ ಸರಕಾಗಿದೆ.

ಈ ವಿಡಿಯೊ ಪೈಪೋಟಿಯಿಂದ ನಮ್ಮಂಥವರಿಗೆ ಏನಾಗುತ್ತದೆ ಎಂಬುದನ್ನು ದಯವಿಟ್ಟು ಕೇಳಿ. ನಾವು ಮಾತಾಡಿಸುವ ಅಜ್ಜಿಯಂದಿರು ಅಡುಗೆ ಮನೆಯ ಮೆಟ್ಟಿಲ ಮೇಲೆ ಕೂತು ಹಾಡುತ್ತಾರೆ. ಕ್ಯಾಮೆರಾ ಇಟ್ಟರೆ ಸೀರೆ ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಮಾತೇ ನಿಲ್ಲುತ್ತದೆ. "ಮುಖ ಎಲ್ಲ ಬ್ಯಾಡ ತಮ್ಮಾ, ಹಾಡು ಬೇಕಾದ್ರೆ ತಗೊಂಡು ಹೋಗು" ಎಂದು ಒಬ್ಬರು ನೇರವಾಗಿಯೇ ಹೇಳಿದರು. ಮುಳುಗಡೆಯಲ್ಲಿ ಜಮೀನು ಕಳೆದುಕೊಂಡವರು ಸರ್ಕಾರಿ ಕಚೇರಿಗಳಲ್ಲಿ ತಮಗಾದ ಅನುಭವ ಹೇಳುವಾಗ ಮುಖ ತೋರಿಸಲು ಒಪ್ಪುವುದಿಲ್ಲ. ಅವರ ದನಿಯನ್ನು ನಂಬಿ ಕೇಳುವವರು ಇದ್ದಾರೆ, ಅಷ್ಟು ಸಾಕು. ಆದರೆ ವಿಡಿಯೊ ಇಲ್ಲದ ಕಾರ್ಯಕ್ರಮವನ್ನು ಶಿಫಾರಸು ಪಟ್ಟಿ ಮುಂದೆ ತರುವುದೇ ಇಲ್ಲ ಎಂದಾದರೆ, ಈ ದನಿಗಳು ಇದ್ದೂ ಇಲ್ಲದಂತೆ.

ಕೇಳುವವರ ಕಡೆಯಿಂದಲೂ ನೋಡಿ. ನಮ್ಮ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯುತ್ತಾರೆ. ಕೈ ಮತ್ತು ಕಣ್ಣು ಎರಡೂ ಮೆಟ್ಟುಗತ್ತಿಯ ಮೇಲಿರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಖಾಲಿ ಇರುವುದು ಕಿವಿ ಮಾತ್ರ. ಮೊದಲು ರೇಡಿಯೊ ಇತ್ತು, ಈಗ ಮೊಬೈಲ್. ಗುಡ್ಡದ ಹಿಂದಿನ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸರಿಯಾಗಿ ಇರುವುದಿಲ್ಲ. ಪೇಟೆಗೆ ಬಂದಾಗ ಕಂತು ಡೌನ್‌ಲೋಡ್ ಮಾಡಿಕೊಂಡು ಮನೆಯಲ್ಲಿ ಕೇಳುತ್ತಾರೆ. ಆಡಿಯೊ ಫೈಲ್ ಸಣ್ಣದು, ಅದಕ್ಕೇ ಇದೆಲ್ಲ ಸಾಧ್ಯ. ಲಾರಿ ಓಡಿಸುವವರು, ಹೊಲಿಗೆ ಮಾಡುವವರು, ಕಣ್ಣು ಕಾಣದವರು ಎಲ್ಲರದೂ ಇದೇ ಮಾತು. ಪಾಡ್‌ಕಾಸ್ಟ್ ವಿಡಿಯೊ ಆಗುವುದು ಬರೀ ಫ್ಯಾಷನ್ ವಿಷಯ ಅಲ್ಲ. ಯಾರು ಕೇಳಬಹುದು ಎಂಬುದನ್ನೇ ಅದು ತೀರ್ಮಾನ ಮಾಡುತ್ತದೆ, ಅಲ್ವಾ?

ಈಗ ನಮಗೇ ಆದ ಎರಡು ವಿಷಯ.

ನಮ್ಮ ಕಾರ್ಯಕ್ರಮ ಮೊದಲು ಒಂದು ಉಚಿತ ಹೋಸ್ಟಿಂಗ್ ವೇದಿಕೆಯಲ್ಲಿತ್ತು. ಅವರು ನಿಯಮ ಬದಲಿಸಿದಾಗ ಅಲ್ಲಿಂದ ಹೊರಡಲು ತೀರ್ಮಾನಿಸಿದೆವು. ಫೀಡ್ ತಿರುಗಿಸುವ ವ್ಯವಸ್ಥೆ ಇತ್ತು, ಅದರಿಂದ ಬೇರೆ ಆ್ಯಪ್‌ಗಳ ಕೇಳುಗರು ನಮ್ಮ ಜೊತೆಗೇ ಬಂದರು. ಆದರೆ ಆ ವೇದಿಕೆಯ ಸ್ವಂತ ಆ್ಯಪ್‌ನಲ್ಲಿ ಕೇಳುಗರು ಬರೆದ ಪ್ರತಿಕ್ರಿಯೆ, ಎಷ್ಟು ಜನ ಎಲ್ಲಿಯವರೆಗೆ ಕೇಳಿದರು ಎಂಬ ಹಳೆಯ ಲೆಕ್ಕ, ಎಲ್ಲ ಅಲ್ಲೇ ಉಳಿಯಿತು. ಅಮೆರಿಕದಲ್ಲಿರುವ ಒಬ್ಬ ಕೇಳುಗರು ತಮ್ಮ ತಾಯಿಯ ಊರಿನ ಬಗ್ಗೆ ಅಲ್ಲಿ ಉದ್ದವಾಗಿ ಬರೆದಿದ್ದರು. ಅದನ್ನು ಇಳಿಸಿಕೊಳ್ಳಲು ದಾರಿಯೇ ಇರಲಿಲ್ಲ. ಸಹಾಯ ಕೇಳಿ ಬರೆದರೆ ಸಿಕ್ಕಿದ್ದು ಸಿದ್ಧ ಉತ್ತರ ಮಾತ್ರ.

ಎರಡನೆಯದು, ಬೇರೊಂದು ವೇದಿಕೆಯಲ್ಲಿ. ಯಕ್ಷಗಾನ ಭಾಗವತರ ಜೊತೆ ಮಾಡಿದ ಒಂದು ಕಂತನ್ನು ಕಾಪಿರೈಟ್ ಕಾರಣ ಕೊಟ್ಟು ತಡೆಹಿಡಿದರು. ಅದರಲ್ಲಿದ್ದದ್ದು ಅವರು ನಮ್ಮೆದುರೇ ಹಾಡಿದ ಪದ. ಯಾವುದೋ ಕ್ಯಾಸೆಟ್ ಕಂಪನಿಯ ಹಳೆಯ ಧ್ವನಿಮುದ್ರಣಕ್ಕೆ ಅದು ಹೋಲುತ್ತದೆ ಎಂದು ಯಂತ್ರ ಹೇಳಿತು. ಕನ್ನಡದಲ್ಲಿ ವಿವರಿಸಿದರೆ ಓದುವವರಿರಲಿಲ್ಲ. ಇಂಗ್ಲಿಷ್‌ನಲ್ಲಿ ಬರೆದು, ಕಾದು, ಕೊನೆಗೆ ಕಂತು ವಾಪಸ್ ಬಂತು. ಈ ನಡುವೆ ಬೇರೆ ಆ್ಯಪ್‌ಗಳಲ್ಲಿ ಅದೇ ಕಂತು ಸಲೀಸಾಗಿ ಓಡುತ್ತಿತ್ತು, ಯಾಕೆಂದರೆ ಅವು ನಮ್ಮ ಫೀಡಿನಿಂದ ತೆಗೆದುಕೊಳ್ಳುತ್ತಿದ್ದವು. ನಾಳೆ ಆ ಬೇರೆ ಆ್ಯಪ್‌ಗಳನ್ನು ಯಾರೂ ಬಳಸುವುದಿಲ್ಲ ಎಂದಾದರೆ ಒಂದು ಯಂತ್ರದ ತಪ್ಪಿಗೆ ಇಡೀ ಕಂತೇ ಕಾಣೆಯಾಗುತ್ತದೆ. ನನಗೆ ಅತಿ ಹೆಚ್ಚು ಭಯ ಇರುವುದು ಇಲ್ಲೇ.

ಆ ಬೇರೆ ಆ್ಯಪ್‌ಗಳು ಒಂದೊಂದಾಗಿ ಹೋಗುತ್ತಿರುವುದೂ ನಿಜ. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು 2024ರಲ್ಲಿ ಮುಚ್ಚಿ, ಕೇಳುಗರನ್ನು ಯೂಟ್ಯೂಬ್ ಮ್ಯೂಸಿಕ್ ಕಡೆ ಕಳಿಸಿತು. ಹಳೆಯ ಆ್ಯಪ್ ಸ್ಟಿಚರ್ 2023ರಲ್ಲಿ ನಿಂತಿತು. ನಮ್ಮ ದೇಶದಲ್ಲಿ ಹಾಡಿನ ಆ್ಯಪ್ ರೆಸ್ಸೊ 2024ರ ಜನವರಿಯಲ್ಲಿ ಸೇವೆ ನಿಲ್ಲಿಸಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಮುಚ್ಚಲು ತೀರ್ಮಾನಿಸಿತು. ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚುವಾಗ ಒಂದು ಒಳ್ಳೆಯ ಕೆಲಸ ಆಯಿತು. ಕೇಳುಗರು ತಮ್ಮ ಸಬ್‌ಸ್ಕ್ರಿಪ್ಷನ್ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ಇಳಿಸಿಕೊಂಡು, ಬೇರೆ ಯಾವ ಆ್ಯಪ್‌ಗೆ ಬೇಕಾದರೂ ಒಯ್ಯಲು ಅವಕಾಶ ಇತ್ತು. ಫೀಡ್ ವ್ಯವಸ್ಥೆ ಇದ್ದುದರಿಂದ ಅದು ಸಾಧ್ಯವಾಯಿತು. ಎಲ್ಲ ಆ್ಯಪ್‌ಗಳೂ ಈ ಅವಕಾಶ ಕೊಡುವುದಿಲ್ಲ. ಕೊಡಲೇಬೇಕು ಎಂಬ ನಿಯಮವೂ ನಮ್ಮಲ್ಲಿ ಇಲ್ಲ.

ಆಯೋಗಕ್ಕೆ ಈ ವಿಷಯ ಪೂರ್ತಿ ಹೊಸದಲ್ಲ. 2022ರ ಅಕ್ಟೋಬರ್‌ನ ಆ್ಯಂಡ್ರಾಯ್ಡ್ ಆದೇಶದಲ್ಲಿ ತಾವು ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿದಿರಿ. ಫೋನಿನಲ್ಲಿ ಮೊದಲೇ ಆ್ಯಪ್ ತುಂಬಿ ಕೊಡುವ ಬಲವನ್ನು ಬಳಸಿ ಯೂಟ್ಯೂಬ್‌ಗೆ ಅನುಕೂಲ ಮಾಡಿಕೊಂಡಿದೆ ಎಂದು ಆ ಆದೇಶದಲ್ಲೇ ಹೇಳಿದ್ದಿರಿ. ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಅದೇ ಕಂಪನಿ ಆಮೇಲೆ ತನ್ನ ಪಾಡ್‌ಕಾಸ್ಟ್ ಆ್ಯಪ್ ಮುಚ್ಚಿ, ಅದರ ಕೇಳುಗರನ್ನು ಯೂಟ್ಯೂಬ್ ಕುಟುಂಬದ ಆ್ಯಪ್‌ಗೆ ಸೇರಿಸಿದೆ. ಇದರಲ್ಲಿ ತಪ್ಪಿದೆ ಎಂದು ನಾನು ತೀರ್ಪು ಕೊಡುತ್ತಿಲ್ಲ. ಒಮ್ಮೆ ನೋಡಬೇಕಾದ ವಿಷಯ ಎಂದಷ್ಟೇ ಹೇಳುತ್ತಿದ್ದೇನೆ.

ಎಲ್ಲ ಉಚಿತವಾಗಿ ಸಿಗುತ್ತಿದೆ, ಮತ್ತೆ ಯಾರಿಗೆ ನಷ್ಟ ಎಂಬ ಪ್ರಶ್ನೆ ಬರುತ್ತದೆ. ವಾಟ್ಸಾಪ್‌ಗೂ ನಾವು ದುಡ್ಡು ಕೊಡುವುದಿಲ್ಲ. ಆದರೂ ಅದರ 2021ರ ಖಾಸಗಿತನ ನೀತಿಯ ವಿಷಯದಲ್ಲಿ ತಾವು 2024ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ ₹213.14 ಕೋಟಿ ದಂಡ ವಿಧಿಸಿದಿರಿ. ಬೆಲೆ ಇಲ್ಲದ ಸೇವೆಯಲ್ಲೂ ಜನರಿಗೆ ಆಯ್ಕೆ ಇಲ್ಲದಂತಾದರೆ ಅದು ಹಾನಿಯೇ ಎಂಬ ನಿಲುವು ಅದರಲ್ಲಿತ್ತು. ಇಲ್ಲೂ ಅದೇ ಅಳತೆ ಹಿಡಿಯಿರಿ ಎಂಬುದು ನನ್ನ ಮನವಿ.

ವೇದಿಕೆಗಳಿಂದ ಉಪಕಾರ ಆಗಿಲ್ಲ ಎಂದು ಸುಮ್ನೆ ದೂರುವುದು ನನ್ನ ಉದ್ದೇಶವಲ್ಲ. ಉಚಿತ ಹೋಸ್ಟಿಂಗ್ ಸಿಗದಿದ್ದರೆ ನಾವು ಶುರು ಮಾಡುತ್ತಲೇ ಇರಲಿಲ್ಲ. ಯೂಟ್ಯೂಬ್‌ನಲ್ಲಿ ಸಿಕ್ಕ ಎಷ್ಟೋ ಕೇಳುಗರಿಗೆ ಬೇರೆ ಪಾಡ್‌ಕಾಸ್ಟ್ ಆ್ಯಪ್ ಇದೆ ಎಂದೇ ಗೊತ್ತಿರಲಿಲ್ಲ. ಸ್ಪಾಟಿಫೈ ಸ್ವತಃ ಆ್ಯಪಲ್‌ನ ಆ್ಯಪ್ ಸ್ಟೋರ್ ನಿಯಮಗಳಿಂದ ತನಗೆ ಅನ್ಯಾಯ ಆಗುತ್ತಿದೆ ಎಂದು 2019ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತ್ತು. 2024ರ ಮಾರ್ಚ್‌ನಲ್ಲಿ ಆ ಆಯೋಗ ಆ್ಯಪಲ್‌ಗೆ 180 ಕೋಟಿ ಯೂರೊಗೂ ಜಾಸ್ತಿ ದಂಡ ಹಾಕಿತು. ಆ ದೂರು ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ಬಾಗಿಲು ಕಾಯುವವರು ತಮ್ಮ ಲಾಭಕ್ಕೆ ಬಾಗಿಲು ಹಾಕಬಾರದು ಎಂಬ ಆ ನ್ಯಾಯ ಸ್ಪಾಟಿಫೈಗೆ ಸಿಕ್ಕಿದ ಹಾಗೆ, ಅದರ ಬಾಗಿಲಲ್ಲಿ ನಿಂತ ಸಣ್ಣವರಿಗೂ ಸಿಗಬೇಕು.

ಹಾಗಾಗಿ ನನ್ನ ಕೋರಿಕೆಗಳು ಇವು.

ಆಯೋಗ 2020ರಲ್ಲಿ ಇ-ಕಾಮರ್ಸ್ ಬಗ್ಗೆ, 2022ರಲ್ಲಿ ಸಿನಿಮಾ ಹಂಚಿಕೆ ಬಗ್ಗೆ ಮಾರುಕಟ್ಟೆ ಅಧ್ಯಯನ ವರದಿ ತಂದಿದೆ. ಅದೇ ರೀತಿ ಆಡಿಯೊ ಮತ್ತು ಪಾಡ್‌ಕಾಸ್ಟ್ ವಿತರಣೆಯ ಬಗ್ಗೆ ಒಂದು ಅಧ್ಯಯನ ಕೈಗೊಳ್ಳಿ. ಪಾಡ್‌ಕಾಸ್ಟ್ ಹೋಸ್ಟಿಂಗ್, ಕೇಳುವ ಆ್ಯಪ್, ಜಾಹೀರಾತು ಮೂರನ್ನೂ ಬೇರೆ ಬೇರೆ ಮಾರುಕಟ್ಟೆಯಾಗಿ ನೋಡಬೇಕೋ ಒಂದಾಗಿ ನೋಡಬೇಕೋ ಎಂಬುದನ್ನು ಅದು ಮೊದಲು ತೀರ್ಮಾನಿಸಲಿ. ವಿಡಿಯೊ ವೇದಿಕೆಯೊಂದು ಆಡಿಯೊ ಮಾರುಕಟ್ಟೆಯಲ್ಲೂ ಬಲಶಾಲಿ ಆಗಿದ್ದರೆ ಅದನ್ನು ಹೇಗೆ ಅಳೆಯುವುದು ಎಂಬ ಪ್ರಶ್ನೆಗೆ ಉತ್ತರ ಬೇಕು. ಕಾಸು ಕೊಟ್ಟು ಕಂತಿನ ಕಥೆ ಕೇಳುವ ಆ್ಯಪ್‌ಗಳು ಕನ್ನಡದಲ್ಲೂ ಇವೆ. ಅವು ಈ ಲೆಕ್ಕದಲ್ಲಿ ಬರುತ್ತವೋ ಇಲ್ಲವೋ ಎಂಬುದೂ ಸ್ಪಷ್ಟವಾಗಲಿ.

ಹೊರಗೆ ಹೋಗುವ ಹಕ್ಕು ನನ್ನ ಎಲ್ಲ ಕೋರಿಕೆಗಳ ಪೈಕಿ ಮುಖ್ಯವಾದದ್ದು. ಹೋಸ್ಟಿಂಗ್ ಕೊಡುವ ಯಾವ ವೇದಿಕೆಯೇ ಆಗಲಿ, ಬಿಟ್ಟು ಹೋಗುವವರ ಫೀಡನ್ನು ಹೊಸ ವಿಳಾಸಕ್ಕೆ ತಿರುಗಿಸಿಕೊಡಬೇಕು. ಕೇಳುಗರ ಪ್ರತಿಕ್ರಿಯೆ, ಹಳೆಯ ಲೆಕ್ಕ ಎಲ್ಲವನ್ನೂ ಇಳಿಸಿಕೊಳ್ಳಲು ಬಿಡಬೇಕು. ಕೇಳುಗರೂ ತಮ್ಮ ಸಬ್‌ಸ್ಕ್ರಿಪ್ಷನ್ ಪಟ್ಟಿಯನ್ನು ಯಾವ ಆ್ಯಪ್‌ನಿಂದ ಬೇಕಾದರೂ ಒಯ್ಯಲು ಅವಕಾಶ ಇರಬೇಕು. ಹೊಸ ಕಾರ್ಯಕ್ರಮಕ್ಕೆ ಫೀಡ್ ಮೊದಲಿನಿಂದಲೇ ಆನ್ ಆಗಿರಲಿ. ಬೇಡ ಎನ್ನುವವರು ಆಫ್ ಮಾಡಿಕೊಳ್ಳಲಿ.

ಸ್ವಂತ ಕಾರ್ಯಕ್ರಮ ಮಾಡುವ ಅಥವಾ ಕೆಲವರ ಜೊತೆ ಹಣದ ಒಪ್ಪಂದ ಇರುವ ವೇದಿಕೆ, ಶಿಫಾರಸು ಪಟ್ಟಿಯಲ್ಲಿ ಅವನ್ನು ಮುಂದೆ ತಂದರೆ ಅದನ್ನು ಕೇಳುಗರಿಗೆ ಕಾಣುವಂತೆ ಹೇಳಲಿ. ವಿಡಿಯೊ ಇಲ್ಲ ಎಂಬ ಒಂದೇ ಕಾರಣಕ್ಕೆ ಆಡಿಯೊ ಕಾರ್ಯಕ್ರಮವನ್ನು ಹಿಂದೆ ತಳ್ಳುತ್ತಾರೋ ಇಲ್ಲವೋ ಎಂದು ಆಯೋಗ ಕೇಳಿ ತಿಳಿಯಲಿ. ಇದು ಹೊರಗಿನಿಂದ ನಮಗೆ ಕಾಣುವ ವಿಷಯವಲ್ಲ. ಮಾಹಿತಿ ತರಿಸಿಕೊಳ್ಳುವ ಅಧಿಕಾರ ಇರುವುದು ತಮಗೆ.

2024ರ ಮಾರ್ಚ್‌ನಲ್ಲಿ ಹೊರಬಂದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನ ಬಗ್ಗೆಯೂ ಒಂದು ಮಾತು. ಅದರ ಸೇವೆಗಳ ಪಟ್ಟಿಯಲ್ಲಿ ಸರ್ಚ್ ಎಂಜಿನ್, ಸಾಮಾಜಿಕ ಜಾಲತಾಣ, ವಿಡಿಯೊ ಹಂಚುವ ವೇದಿಕೆ ಎಲ್ಲ ಇವೆ. ಆಡಿಯೊ ಸ್ಟ್ರೀಮಿಂಗ್‌ಗೆ ಪ್ರತ್ಯೇಕ ಜಾಗ ಇಲ್ಲ. ಮಸೂದೆ ತರುವುದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಎಂದು ಗೊತ್ತು. ಆದರೆ ಸರ್ಕಾರಕ್ಕೆ ಸಲಹೆ ಕೊಡುವ ಅವಕಾಶ ತಮಗಿದೆ. ಅದನ್ನು ಬಳಸಿ, ಆಡಿಯೊವನ್ನೂ ಆ ಪಟ್ಟಿಗೆ ಸೇರಿಸುವ ವಿಷಯವನ್ನು ಸಚಿವಾಲಯದ ಮುಂದಿಡಿ.

ಅಧ್ಯಯನ ಮಾಡುವುದಾದರೆ ಪ್ರಶ್ನಾವಳಿಯನ್ನು ಕನ್ನಡ ಮತ್ತು ಇತರ ಭಾರತೀಯ ಭಾಷೆಗಳಲ್ಲೂ ಕೊಡಿ. ದೆಹಲಿ, ಮುಂಬೈನ ದೊಡ್ಡ ಸ್ಟುಡಿಯೊಗಳ ವಕೀಲರು ತಮ್ಮಲ್ಲಿಗೆ ಬಂದೇ ಬರುತ್ತಾರೆ. ಒಂದು ಮೈಕ್ ಹಿಡಿದು ಊರೂರು ಸುತ್ತುವವರನ್ನು ತಾವೇ ಕರೆಯಬೇಕಾಗುತ್ತದೆ. ನಮ್ಮ ಡೌನ್‌ಲೋಡ್ ಲೆಕ್ಕ, ವೇದಿಕೆಗಳ ಜೊತೆ ಆದ ಪತ್ರವ್ಯವಹಾರ, ಕಂತು ತಡೆಹಿಡಿದಾಗ ಬಂದ ನೋಟಿಸ್, ಎಲ್ಲವನ್ನೂ ಕಂಪನಿಗಳ ಹೆಸರಿನ ಸಮೇತ ಆಯೋಗಕ್ಕೆ ಗೋಪ್ಯವಾಗಿ ಒಪ್ಪಿಸಲು ನಾವು ಸಿದ್ಧರಿದ್ದೇವೆ. ಬೆಂಗಳೂರಿನಲ್ಲಿ ಒಂದು ಅಹವಾಲು ಸಭೆ ಇಟ್ಟರೆ ಸಾಗರದಿಂದ ರಾತ್ರಿ ಬಸ್ಸು ಹತ್ತಿ ಬರುತ್ತೇವೆ. ತಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇವೆ.

ಇತಿ,
ತಮ್ಮ ವಿಶ್ವಾಸಿ,
ಕನ್ನಡ ಪಾಡ್‌ಕಾಸ್ಟ್ ಮಾಡುವ ಗೆಳೆಯರ ಪರವಾಗಿ,
ಸಾಗರ, ಶಿವಮೊಗ್ಗ ಜಿಲ್ಲೆ.